ವಿಜ್ಞಾನದ ಮಾತು: ಹುಡುಕುವುದೆಲ್ಲಿ, ಅಳೆಯುವುದು ಹೇಗೆ?

ಕಳೆದ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು ಮೇಜಿನ ಮೇಲೆ ಒಂದು ಬಾಟಲಿಯನ್ನಿಟ್ಟರು. ಅಡಿಕೆಯ ಹಳದಿ ಎಲೆ ರೋಗಕ್ಕೆ ಔಷಧವಂತೆ. ಬುಡಕ್ಕೆ ಹಾಕಿದರೆ ಎರಡು ವರ್ಷದಲ್ಲಿ ತೋಟ ಹಸುರಾಗುವುದೆಂದು ಮಾರಿದವರು ಭರವಸೆ ಕೊಟ್ಟಿದ್ದರಂತೆ. ಬಾಟಲಿಯ ಜೊತೆಗಿದ್ದ ಬಣ್ಣದ ಕಾಗದದಲ್ಲಿ ‘ವಿಜ್ಞಾನಿಗಳಿಂದ ಪರೀಕ್ಷಿತ’ ಎಂಬ ಮಾತು ಮೂರು ಕಡೆ ಇತ್ತು. ಯಾವ ವಿಜ್ಞಾನಿ, ಯಾವ ಊರಿನಲ್ಲಿ, ಎಷ್ಟು ಮರಗಳ ಮೇಲೆ ಎಂಬುದು ಒಂದು ಕಡೆಯೂ ಇರಲಿಲ್ಲ. “ಇಪ್ಪತ್ತು ಬಾಟ್ಲಿ ತಗೊಂಡಾಯ್ತು ಮಾರಾಯ್ರೆ. ಸರಿಯೋ ತಪ್ಪೋ ಈಗ ನೀವು ಹೇಳಿ” ಎಂದರು.

ನಾವು ತಡವರಿಸಿದೆವು. ಹಳದಿ ಎಲೆ ರೋಗಕ್ಕೆ ಔಷಧವಿಲ್ಲವೆಂದು ನಮಗೆ ಗೊತ್ತಿತ್ತು. ಆದರೆ ಅದು ಯಾವುದೋ ಸಭೆಯಲ್ಲಿ ಕೇಳಿದ ಮಾತು. ಮಾರಿದವನದ್ದೂ ಹೇಳಿಕೆ, ನಮ್ಮದೂ ಹೇಳಿಕೆ. ಎರಡರಲ್ಲಿ ಯಾವುದಕ್ಕೆ ಆಧಾರವಿದೆ ಎಂದು ಕಾಗದ ತೆಗೆದು ತೋರಿಸುವ ಶಕ್ತಿ ಆ ಹೊತ್ತಿಗೆ ನಮಗಿರಲಿಲ್ಲ. ಪದವೀಧರನೆಂದು ನಾಲ್ಕು ಜನ ನಮ್ಮನ್ನು ಕೇಳಲು ಬರುತ್ತಾರೆ. ಆ ದಿನ ಸಂಕೋಚವಾಯಿತು. ಆಮೇಲೆ ಹುಡುಕಿ ನೋಡಿದೆವು. ಈ ರೋಗಕ್ಕೆ ಕಾರಣ ಫೈಟೋಪ್ಲಾಸ್ಮ ಎಂಬ ಸೂಕ್ಷ್ಮಜೀವಿ. ರಸ ಹೀರುವ ಜಿಗಿಹುಳುವಿನಿಂದ ಹರಡುತ್ತದೆ. ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಒಳ್ಳೆಯ ಪೋಷಣೆಯಿಂದ ಇಳುವರಿ ಕುಸಿಯುವುದನ್ನು ಸ್ವಲ್ಪ ತಡೆಯಬಹುದು, ರೋಗ ತಡೆದುಕೊಳ್ಳುವ ಮರಗಳನ್ನು ಆರಿಸಿ ಬೆಳೆಸಬಹುದು, ಅಷ್ಟೇ. ಹುಡುಕಲು ನಮಗೆ ಹಿಡಿದದ್ದು ಎರಡು ದಿನ. ಹುಡುಕಲು ಬರುವವರಿಗೆ ಅದು ಅರ್ಧ ಗಂಟೆಯ ಕೆಲಸವೆಂದು ಆಮೇಲೆ ತಿಳಿಯಿತು.

ಆದುದರಿಂದ ಈ ಸಂಚಿಕೆಯಲ್ಲಿ ಗೊಬ್ಬರದ ಪಾಠವಿಲ್ಲ, ಸಿಂಪಡಣೆಯ ಪಾಠವೂ ಇಲ್ಲ. ವಿಜ್ಞಾನದ ಮಾತನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಹೇಗೆ ಅಳೆಯಬೇಕು ಎಂಬುದು ಪಾಠ. ಇದನ್ನು ನಮ್ಮಂಥವರಿಗೆ ಕಲಿಸಬಲ್ಲ ಜಾಗವೊಂದಿದೆ: ವಿಶ್ವವಿದ್ಯಾಲಯದ ಗ್ರಂಥಾಲಯ. ಅಲ್ಲಿ ನಮಗೇನು ಕೆಲಸ ಎಂದು ಕೆಲವರು ನಗಬಹುದು. ನಾವೂ ಹಾಗೆಯೇ ನಕ್ಕವರು.

ಮೊದಲು ದೂರದ ಒಂದು ಉದಾಹರಣೆ. ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋದ ಗಡಿಗೆ ಅಂಟಿಕೊಂಡು, ರಿಯೋ ಗ್ರಾಂಡೆ ನದಿಯ ಕಣಿವೆಯಿದೆ. ಕಿತ್ತಳೆ, ಚಕ್ಕೋತದ ಜಾತಿಯ ಹಣ್ಣುಗಳ ತೋಟಗಳಿರುವ ಪ್ರದೇಶ. ಅಲ್ಲಿ ಕೂಲಿ ಮಾಡುವ ಸ್ಪ್ಯಾನಿಷ್ ಮಾತಿನ ಬಡ ಜನ ‘ಕೊಲೋನಿಯಾ’ ಎಂಬ ವಸತಿಗಳಲ್ಲಿದ್ದಾರೆ; ಇವುಗಳಲ್ಲಿ ಎಷ್ಟೋ ಕಡೆ ನೀರಿನ ಕೊಳಾಯಿ, ಚರಂಡಿ, ಸರಿಯಾದ ರಸ್ತೆ ಇರಲಿಲ್ಲ. ಸ್ಯಾನ್ ಆಂಟೋನಿಯೋದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಆರೋಗ್ಯ ವಿಜ್ಞಾನ ಕೇಂದ್ರದ ಗ್ರಂಥಾಲಯದವರು 2000ದ ಆಸುಪಾಸಿನಲ್ಲಿ ಈ ಜನರ ನಡುವೆ ಕೆಲಸಕ್ಕಿಳಿದರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಬೆಂಬಲ ಅವರಿಗಿತ್ತು. ಈ ರಾಷ್ಟ್ರೀಯ ಗ್ರಂಥಾಲಯವು ವೈದ್ಯರ ಸಂಶೋಧನಾ ಲೇಖನಗಳ ಸೂಚಿಯನ್ನು 1997ರಲ್ಲಿ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿತ್ತು. 1998ರಲ್ಲಿ ‘ಮೆಡ್‌ಲೈನ್‌ಪ್ಲಸ್’ ಎಂದು ಸಾಮಾನ್ಯರಿಗಾಗಿಯೇ ಇನ್ನೊಂದನ್ನು ಮಾಡಿತ್ತು. ತೆರೆದಿಟ್ಟ ಮಾತ್ರಕ್ಕೆ ಜನ ಬರುವುದಿಲ್ಲವೆಂದು ಅವರಿಗೆ ಬೇಗನೆ ಅರ್ಥವಾಯಿತು.

ಅವರು ಮಾಡಿದ ಉಪಾಯ ನಮ್ಮಂಥವರು ಗಮನಿಸುವಂಥದು. ಗ್ರಂಥಪಾಲಕರೇ ಮನೆಮನೆ ತಿರುಗಲಿಲ್ಲ. ಕೊಲೋನಿಯಾಗಳಲ್ಲಿ ‘ಪ್ರೊಮೊತೋರಾ’ ಎಂಬ ಹೆಂಗಸರಿರುತ್ತಾರೆ. ಅದೇ ವಸತಿಯವರು, ಅದೇ ಮಾತಿನವರು, ನೆರೆಯವರ ಆರೋಗ್ಯ ವಿಚಾರಿಸುವವರು. ಅವರಿಗೆ ಹುಡುಕುವುದನ್ನು ಕಲಿಸಿದರು. ಮರ್ಸೆಡಿಸ್ ಎಂಬ ಊರಿನ ಹೈಸ್ಕೂಲಿನಲ್ಲಿ ವಿದ್ಯಾರ್ಥಿಗಳನ್ನೇ ತರಬೇತು ಮಾಡಿ, ಅವರು ಸಹಪಾಠಿಗಳಿಗೂ ಮನೆಯವರಿಗೂ ಹೇಳಿಕೊಡುವಂತೆ ಮಾಡಿದರು. ಕೇಳಲು ನಾಚುವವರು ಪರಿಚಯದವರನ್ನು ಕೇಳುತ್ತಾರೆ. ನಮ್ಮ ಸದಸ್ಯರು ಬಾಟಲಿ ಹಿಡಿದು ಸಂಶೋಧನಾ ಕೇಂದ್ರಕ್ಕೆ ಹೋಗದೆ ಸಂಘದ ಕಚೇರಿಗೆ ಬಂದದ್ದೂ ಇದೇ ಕಾರಣಕ್ಕೆ.

ನಮಗೂ ಅಮೆರಿಕಕ್ಕೂ ಈ ವಿಷಯದಲ್ಲಿ ಹಳೆಯ ನಂಟೊಂದಿದೆ. 1862ರ ಕಾಯಿದೆಯ ಮೂಲಕ ಆ ದೇಶ ಸರಕಾರಿ ಭೂಮಿಯ ಆದಾಯದಿಂದ ಕೃಷಿ ಕಾಲೇಜುಗಳನ್ನು ಕಟ್ಟಿತು. 1887ರಲ್ಲಿ ಪ್ರಯೋಗ ಕೇಂದ್ರಗಳು, 1914ರಲ್ಲಿ ಹಳ್ಳಿಗೆ ಹೋಗುವ ವಿಸ್ತರಣಾ ಸೇವೆ ಸೇರಿದವು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಈ ಮೂರು ಕಾಲಿನ ಪೀಠದ ಮಾದರಿಯಲ್ಲಿಯೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಟೆನೆಸ್ಸಿ ವಿಶ್ವವಿದ್ಯಾಲಯದ ನೆರವೂ ಅದಕ್ಕೆ ದೊರೆತಿತ್ತು. ವಿಸ್ತರಣಾ ಸೇವೆಯಿಂದ ನಮಗೆ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿಂದ ನಮಗೆ ಬಂದದ್ದು ಉತ್ತರ ಮಾತ್ರ: ಇಷ್ಟು ಗ್ರಾಂ ಹಾಕಿ, ಇಷ್ಟು ಲೀಟರ್ ಸಿಂಪಡಿಸಿ. ಆ ಉತ್ತರ ಹುಟ್ಟಿದ ಪುಸ್ತಕ ಗ್ರಂಥಾಲಯದಲ್ಲೇ ಉಳಿಯಿತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕನ ಕೈಗೆ ಲೇಖನಿ ಕೊಟ್ಟಿತು. ಬೆಳೆಗಾರ ತನ್ನ ಅನುಭವವನ್ನು ತಾನೇ ಬರೆಯಬಲ್ಲನೆಂದು ತೋರಿಸಿತು. ಬರೆಯಬಲ್ಲವನು ಸಂಶೋಧನೆಯ ಕಾಗದವನ್ನು ಓದಲಾರನೇ?

ಓದಬಲ್ಲ. ಕೆಲವು ಪಟ್ಟುಗಳು ಗೊತ್ತಿರಬೇಕು.

ಮೊದಲನೆಯದು ಹೆಸರು. ‘ಕೊಳೆರೋಗ’ ಎಂದರೆ ತಮಗೆ ಏನು ನೆನಪಾಗುತ್ತದೆ? ಅಡಿಕೆಯವರಿಗೆ ಮಳೆಗಾಲದಲ್ಲಿ ಉದುರುವ ಎಳೆಗಾಯಿ. ಕಾಫಿಯವರಿಗೆ ಕಪ್ಪಾಗಿ ಕೊಳೆತು, ನೂಲಿನಂಥ ಎಳೆಯಲ್ಲಿ ಜೋತಾಡುವ ಎಲೆ. ಎರಡೂ ಬೇರೆ ಬೇರೆ ರೋಗಾಣುಗಳ ಕೆಲಸ. ಕಾಫಿಯದ್ದಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ಶಾಸ್ತ್ರಜ್ಞರು ‘ಪೆಲ್ಲಿಕ್ಯುಲೇರಿಯ ಕೊಲೆರೋಗ’ ಎಂದು ಹೆಸರಿಟ್ಟರು. ನಮ್ಮ ಅಜ್ಜಂದಿರ ಬಾಯಿಮಾತು ಲ್ಯಾಟಿನ್ ಹೆಸರಿನೊಳಗೆ ಸೇರಿಹೋಯಿತು! ಅಡಿಕೆಯದ್ದು ‘ಫೈಟಾಫ್ತೊರ’ ಎಂಬ ಜಾತಿಯದು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಅದನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬರೀ ‘ಕೊಳೆರೋಗ’ ಎಂದು ಕೊಟ್ಟು ಹುಡುಕಿದರೆ ಎರಡರ ಕಾಗದಗಳೂ ಕಲಸಿಕೊಂಡು ಬರುತ್ತವೆ. ಹಳದಿ ಎಲೆ ರೋಗಕ್ಕೂ ಎಲೆಚುಕ್ಕಿ ರೋಗಕ್ಕೂ ಹೀಗೆಯೇ ಗೊಂದಲ. ಎಲೆಚುಕ್ಕಿ ಶಿಲೀಂಧ್ರದಿಂದ ಬರುವುದು, ಅದಕ್ಕೆ ಸಿಂಪಡಣೆಯುಂಟು. ಒಂದರ ಔಷಧವನ್ನು ಇನ್ನೊಂದಕ್ಕೆ ಮಾರುವವರಿಗೆ ಈ ಗೊಂದಲವೇ ಬಂಡವಾಳ. ಆದುದರಿಂದ ಊರಿನ ಹೆಸರಿನ ಪಕ್ಕದಲ್ಲಿ ಶಾಸ್ತ್ರದ ಹೆಸರನ್ನೂ ಬರೆದಿಟ್ಟುಕೊಳ್ಳಿರಿ. ಗ್ರಂಥಪಾಲಕರು ಮೊದಲು ಕೇಳುವುದು ಅದನ್ನೇ.

ಎರಡನೆಯದು ವರ್ಷ. ನಮ್ಮ ಕಚೇರಿಯ ಕಪಾಟಿನಲ್ಲಿ ಕಾಫಿಯ ಬಿಳಿ ಕಾಂಡಕೊರಕದ ಬಗೆಗೆ ಹಳೆಯ ಕರಪತ್ರವೊಂದಿತ್ತು. ಕಾಂಡಕ್ಕೆ ಲಿಂಡೇನ್ ಬಳಿಯಿರೆಂದು ಅದರಲ್ಲಿತ್ತು. ಬರೆದ ಕಾಲಕ್ಕೆ ಅದು ಸರಿಯಾದ ಶಿಫಾರಸೇ. ಆದರೆ ಲಿಂಡೇನ್ ತಯಾರಿಕೆಯನ್ನು ಭಾರತ ಸರಕಾರ 2011ರಲ್ಲಿ ನಿಷೇಧಿಸಿತು. ಬಳಕೆಯೂ 2013ರಿಂದ ನಿಷಿದ್ಧ. ಕರಪತ್ರ ಮಾತ್ರ ಕಪಾಟಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಹಳೆಯದೆಲ್ಲ ತಪ್ಪೆಂದು ನಾವು ಹೇಳುತ್ತಿಲ್ಲ. ಕೋಲ್ಮನ್ ಅವರ ಕಾಲದಿಂದ ಮಲೆನಾಡಿನಲ್ಲಿರುವ ಬೋರ್ಡೋ ದ್ರಾವಣವನ್ನು ಇಂದಿಗೂ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಸಿಂಪಡಿಸುತ್ತಿದ್ದೇವೆ. ಆದರೂ ಕಾಗದ ಕೈಗೆ ಬಂದೊಡನೆ ಕೆಳಗೆ ಇಸವಿ ಇದೆಯೇ ನೋಡಿ. ಇಸವಿ ಇಲ್ಲದ ಕಾಗದವನ್ನು ನಂಬುವ ಮುನ್ನ ಇನ್ನೊಬ್ಬರನ್ನು ಕೇಳಿ. ಕೈಫೋನಿನಲ್ಲಿ ಬರುವ ಸಂದೇಶಗಳಲ್ಲಿ ಇಸವಿ ಇರುವುದೇ ಅಪರೂಪ.

ಮೂರನೆಯದು ಹೋಲಿಕೆ. ಬೋರ್ಡೋ ದ್ರಾವಣದ ಹುಟ್ಟಿನಲ್ಲಿಯೇ ಈ ಪಾಠವಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕೀಳುತ್ತಿದ್ದರೆಂದು ರಸ್ತೆ ಬದಿಯ ಸಾಲುಗಳಿಗೆ ಬೆಳೆಗಾರರು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿಬಣ್ಣ ನೋಡಿ ವಿಷವೆಂದು ಕಳ್ಳರು ಹೆದರಲಿ ಎಂದು. 1882ರಲ್ಲಿ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಆ ದಾರಿಯಲ್ಲಿ ಹೋಗುವಾಗ, ಬೂಜು ರೋಗ ಬಂದು ತೋಟದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿದ್ದರೂ ರಸ್ತೆ ಬದಿಯ ಸಾಲು ಹಸುರಾಗಿದ್ದುದನ್ನು ಕಂಡರು. ಅದೇ ಮಣ್ಣು, ಅದೇ ಮಳೆ, ಅದೇ ತಳಿ. ಒಂದಕ್ಕೆ ಎರಚಿದೆ, ಇನ್ನೊಂದಕ್ಕಿಲ್ಲ. ಅವರು ಮೂರು ವರ್ಷ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಎರಚದ ಸಾಲು ಪಕ್ಕದಲ್ಲಿರದಿದ್ದರೆ ಎರಚಿದ ಸಾಲಿನಿಂದ ಅವರಿಗೆ ಏನೂ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ “ಇಂಥವರು ಹಾಕಿದರು, ಫಸಲು ಬಂತು” ಎಂಬ ಮಾತಿಗೆ ಬೆಲೆ ಹೆಚ್ಚು. ಆ ವರ್ಷ ಮಳೆ ಹದವಾಗಿತ್ತೋ, ಅವರು ಬಸಿಗಾಲುವೆಯನ್ನೂ ತೆಗೆಸಿದ್ದರೋ ಯಾರು ಕೇಳುತ್ತಾರೆ? ಹಾಕದೆ ಬಿಟ್ಟ ಮರಗಳು ಎಷ್ಟು, ಅವುಗಳಲ್ಲಿ ಏನಾಯಿತು ಎಂಬುದನ್ನು ಕೇಳಿ. ಸಂಶೋಧನಾ ಲೇಖನದಲ್ಲಿ ಮೇಲಿರುವ ಸಾರಾಂಶವನ್ನಷ್ಟೇ ಓದಿ ನಿಲ್ಲಬಾರದು. ‘ಸಾಮಗ್ರಿ ಮತ್ತು ವಿಧಾನ’ ಎಂಬ ಭಾಗದಲ್ಲಿ ಎಲ್ಲಿ, ಯಾವ ಮಣ್ಣು, ಎಷ್ಟು ವರ್ಷದ ಮರ, ಎಷ್ಟು ಕಾಲ ಎಂಬುದು ಇರುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದವರೂ ಈ ಅಂಕಿಗಳನ್ನು ಬೆರಳಿಟ್ಟು ಗುರುತಿಸಬಹುದು. ವಿಟ್ಲದ ಮಳೆಯಲ್ಲಿ ನಡೆದ ಪ್ರಯೋಗವನ್ನು ಚನ್ನಗಿರಿಯ ಬೋರ್‌ವೆಲ್ ತೋಟಕ್ಕೆ ಹಾಗೆಯೇ ಎತ್ತಿಕೊಳ್ಳಲಾಗದು.

ನಾಲ್ಕನೆಯದು ಕಠಿಣವಾದುದು. ಬರೆಯಲು ನಮಗೂ ಇಷ್ಟವಿಲ್ಲದ ಮಾತು, ಆದರೂ ಬರೆಯುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. ಅದು 1991ರಲ್ಲಿ ಕಾಫಿಯನ್ನು, ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಿರಬಹುದೆಂದು ಶಂಕೆಯ ಗುಂಪಿಗೆ ಸೇರಿಸಿತ್ತು. 2016ರಲ್ಲಿ ಸಾವಿರಕ್ಕೂ ಮೇಲ್ಪಟ್ಟ ಅಧ್ಯಯನಗಳನ್ನು ಪರಿಶೀಲಿಸಿ, ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಅದನ್ನು ಆ ಗುಂಪಿನಿಂದ ತೆಗೆಯಿತು. ಹಿಂದಿನ ಅಧ್ಯಯನಗಳಲ್ಲಿ, ಕಾಫಿ ಹೆಚ್ಚಾಗಿ ಕುಡಿಯುವವರು ಸಿಗರೇಟನ್ನೂ ಸೇದುತ್ತಿದ್ದುದನ್ನು ಸರಿಯಾಗಿ ಬೇರ್ಪಡಿಸಿರಲಿಲ್ಲ. ಹೊಗೆಸೊಪ್ಪಿನ ದೋಷ ಕಾಫಿಯ ಲೆಕ್ಕಕ್ಕೆ ಬಿದ್ದಿದ್ದಿರಬಹುದು. ಕಾಫಿ ಬೆಳೆಗಾರರೆಲ್ಲ ಈ ಸುದ್ದಿಯನ್ನು ಸಂತೋಷದಿಂದ ಹಂಚಿಕೊಂಡೆವು. ಅರುವತ್ತೈದು ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಏನನ್ನು ಕುಡಿದರೂ ಅನ್ನನಾಳಕ್ಕೆ ಕೆಡುಕಾಗುವ ಸಂಭವವಿದೆಯೆಂದು ಅದೇ ವರದಿಯಲ್ಲಿತ್ತು; ಅದನ್ನು ಮಾತ್ರ ಯಾರೂ ಹಂಚಲಿಲ್ಲ.

ಅದೇ ಸಂಸ್ಥೆಯ ಎದುರಿಗೆ ಅಡಿಕೆಯೂ ಬಂದಿತ್ತು. 1985ರಲ್ಲಿ ಪ್ರಕಟವಾದ ವರದಿಯಲ್ಲಿ, ಹೊಗೆಸೊಪ್ಪು ಸೇರಿದ ಎಲೆಯಡಿಕೆ ಕ್ಯಾನ್ಸರ್ ತರುತ್ತದೆ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯ ಬಗೆಗೆ ಸಾಕಷ್ಟು ಆಧಾರವಿಲ್ಲ ಎಂದಿತ್ತು. “ದೋಷ ಗುಟ್ಕಾದ್ದು, ಹೊಗೆಸೊಪ್ಪಿನದು; ಅಡಿಕೆಯದ್ದಲ್ಲ” ಎಂದು ಇಂದಿಗೂ ನಮ್ಮ ಸಭೆಗಳಲ್ಲಿ ಹೇಳುವ ಮಾತಿಗೆ ಆ ಕಾಲಕ್ಕೆ ಆಧಾರವಿತ್ತು. ಆಮೇಲೆ ಹೊಗೆಸೊಪ್ಪಿಲ್ಲದೆ ಅಡಿಕೆ ಜಗಿಯುವ ತೈವಾನ್‌ನಂಥ ಕಡೆಗಳಲ್ಲಿ ಅಧ್ಯಯನಗಳು ನಡೆದವು. 2004ರಲ್ಲಿ ಪ್ರಕಟವಾದ 85ನೆಯ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಮೊದಲನೆಯ ಗುಂಪಿಗೆ, ಎಂದರೆ ಮನುಷ್ಯನಿಗೆ ಕ್ಯಾನ್ಸರ್ ತರುವುದು ಖಚಿತವೆಂಬ ಗುಂಪಿಗೆ ಸೇರಿಸಿದರು.

ಗಮನಿಸಿರಿ, ಎರಡು ಕಡೆಯೂ ಕೇಳಿದ ಪ್ರಶ್ನೆ ಒಂದೇ: ಹೊಗೆಸೊಪ್ಪನ್ನು ಬೇರ್ಪಡಿಸಿ ನೋಡಿದಿರಾ? ಆ ಪ್ರಶ್ನೆ ಕಾಫಿಯನ್ನು ಬಿಡಿಸಿತು, ಅಡಿಕೆಯನ್ನು ಹಿಡಿಯಿತು. ನಮ್ಮ ಹೆಚ್ಚಿನ ಸದಸ್ಯರ ಗದ್ದೆಯಂಚಿನಲ್ಲಿ ಅಡಿಕೆ, ಗುಡ್ಡದಲ್ಲಿ ಕಾಫಿ. ಲಿಯೋನಿನವರು ಕಾಫಿಯ ವಿಷಯದಲ್ಲಿ ಮಹಾ ವಿದ್ವಾಂಸರು, ಅಡಿಕೆಯ ವಿಷಯದಲ್ಲಿ ಮಾತ್ರ ವಿದೇಶೀ ಸಂಚುಗಾರರು ಎಂದು ಒಂದೇ ಬಾಯಿಯಲ್ಲಿ ಹೇಗೆ ಹೇಳುವುದು? ಕಳೆದ ಮಹಾಸಭೆಯಲ್ಲಿ ಇದನ್ನು ಎತ್ತಿದಾಗ ಕೆಲವರು ಸಿಟ್ಟಾದರು. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಮಕ್ಕಳ ಓದು, ಮದುವೆ, ಸೊಸೈಟಿಯ ಸಾಲ, ಎಲ್ಲವೂ ಆ ಮರದ ಮೇಲಿದೆ. ನಮ್ಮ ಮನೆಯ ಜಗಲಿಯಲ್ಲೂ ಬಂದವರಿಗೆ ಎಲೆಯಡಿಕೆಯ ತಟ್ಟೆ ಹೋಗುತ್ತದೆ.

ಓದಿ ನೋಡಿದರೆ ನಮಗೆ ತಿಳಿಯಬೇಕಾದದ್ದು ಇನ್ನೂ ಇದೆ. ಆ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಸಿಗರೇಟು, ಮದ್ಯ, ಬಿಸಿಲು ಎಲ್ಲವೂ ಅದೇ ಮೊದಲನೆಯ ಗುಂಪಿನಲ್ಲಿವೆ. ಹಬ್ಬಕ್ಕೊಮ್ಮೆ ತಾಂಬೂಲ ಹಾಕುವವರಿಗೂ ದಿನಕ್ಕೆ ಹತ್ತು ಸಲ ಜಗಿಯುವವರಿಗೂ ಅಪಾಯ ಒಂದೇ ಎಂದು ಆ ಪಟ್ಟಿಯಿಂದ ತೀರ್ಮಾನಿಸಲಾಗದು. ಅಡಿಕೆಯ ಅರೆಕೋಲಿನ್ ಎಂಬ ಅಂಶವನ್ನು ಮಾತ್ರ ಪ್ರತ್ಯೇಕವಾಗಿ ನೋಡಿ, 2021ರಲ್ಲಿ ಪ್ರಕಟವಾದ ಸಂಪುಟದಲ್ಲಿ ‘ಕಾರಣವಾಗಿರಬಹುದು’ ಎಂಬ ಕೆಳಗಿನ ಗುಂಪಿನಲ್ಲಿಟ್ಟರು. ಇವನ್ನೆಲ್ಲ ತಿಳಿದವನು ಸರಕಾರದ ಮುಂದೆ, ನ್ಯಾಯಾಲಯದ ಮುಂದೆ, ಪತ್ರಿಕೆಯವರ ಮುಂದೆ ಆಧಾರದೊಂದಿಗೆ ಮಾತನಾಡಬಲ್ಲ. ಅಡಿಕೆಗೆ ಜಗಿಯುವುದರ ಹೊರತು ಬೇರೆ ಉಪಯೋಗಗಳನ್ನು ಹುಡುಕುವ ಸಂಶೋಧನೆಗೆ ಹಣ ಕೊಡಿರೆಂದು ಒತ್ತಾಯಿಸಬಲ್ಲ. ವರದಿಯನ್ನೇ ನೋಡದೆ ಸುಳ್ಳೆಂದು ಕೂಗಿದರೆ, ಎದುರಿನವನು ಸಂಪುಟ ತೆರೆದು ಪುಟ ತೋರಿಸಿದಾಗ ನಮ್ಮ ಬಾಯಿ ಕಟ್ಟುತ್ತದೆ.

ಇನ್ನು, ಗ್ರಂಥಾಲಯಕ್ಕೆ ಹೋಗುವ ಬಗೆ. ಮನೆಯಲ್ಲಿ ಕುಳಿತೇ ನೋಡಬಹುದಾದದ್ದು ಬಹಳವಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ‘ಕೃಷಿಕೋಶ’ದಲ್ಲಿ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿವೆ, ಮೂಡಿಗೆರೆಯಲ್ಲೋ ಶಿವಮೊಗ್ಗದಲ್ಲೋ ಒಬ್ಬ ವಿದ್ಯಾರ್ಥಿ ಎರಡು ವರ್ಷ ದುಡಿದು ಬರೆದದ್ದು ಯಾರೂ ತೆರೆಯದೆ ಬಿದ್ದಿರುವುದುಂಟು. ಕಾಸರಗೋಡಿನಿಂದ 1973ರಿಂದ ಬರುತ್ತಿರುವ ತೋಟಗಾರಿಕಾ ಬೆಳೆಗಳ ಸಂಶೋಧನಾ ಪತ್ರಿಕೆಯಿದೆ. ಕಾಫಿಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಪ್ರಕಟಣೆಗಳಿವೆ. ಸಿಗದಿದ್ದಾಗ, ಸಿಕ್ಕಿಯೂ ಅರ್ಥವಾಗದಿದ್ದಾಗ, ಗ್ರಂಥಪಾಲಕರು ಬೇಕು. ಹೊರಗಿನವರಿಗೆ ಪ್ರವೇಶದ ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆ. ಮುಂಚಿತವಾಗಿ ಸಂಘದ ಕಾಗದದಲ್ಲಿ ಪತ್ರ ಬರೆದು ಅನುಮತಿ ಪಡೆಯುವುದು ಮೇಲು.

ಪ್ರಶ್ನೆಯನ್ನು ಬರೆದುಕೊಂಡೇ ಹೋಗಬೇಕು. “ಅಡಿಕೆಗೆ ಯಾವ ಗೊಬ್ಬರ ಒಳ್ಳೆಯದು?” ಎಂದರೆ ಯಾವ ಗ್ರಂಥಪಾಲಕರೂ ದಾರಿ ತೋರಲಾರರು. “ಜಂಬಿಟ್ಟಿಗೆ ಮಣ್ಣಿನಲ್ಲಿ, ಹದಿನೈದು ವರ್ಷ ದಾಟಿದ ಅಡಿಕೆಗೆ, ಸುಣ್ಣ ಹಾಕಿದ್ದಕ್ಕೂ ಹಾಕದಿದ್ದಕ್ಕೂ ಇಳುವರಿ ಹೋಲಿಸಿದ ಪ್ರಯೋಗಗಳಿವೆಯೇ?” ಎಂದು ಕೇಳಿದರೆ ಕೆಲಸ ಅರ್ಧ ಮುಗಿದಂತೆ. ಸಿಕ್ಕಿದ ಕಾಗದದ ಹೆಸರು, ಬರೆದವರು, ಪತ್ರಿಕೆ, ಇಸವಿ ಇಷ್ಟನ್ನು ನೋಟ್ ಪುಸ್ತಕದಲ್ಲಿ ಗುರುತು ಹಾಕಿ. ಖರ್ಚು ಕೊಟ್ಟವರು ಯಾರೆಂದು ಲೇಖನದ ಕೊನೆಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದನ್ನೂ ನೋಡಿ. ಔಷಧ ಮಾರುವವರೇ ಖರ್ಚು ಕೊಟ್ಟಿದ್ದರೆ ಅದು ಸುಳ್ಳೆಂದು ಅರ್ಥವಲ್ಲ. ಇನ್ನೊಂದು ಕಾಗದ ಹುಡುಕಬೇಕೆಂದು ಅರ್ಥ.

ಬಾಟಲಿಯ ಸದಸ್ಯರ ವಿಷಯ ಹೇಳಿಬಿಡುತ್ತೇವೆ. ಮುಚ್ಚಳ ತೆಗೆಯದ ಹದಿನಾಲ್ಕನ್ನು ಮಾರಿದವರು ಬಹಳ ಮಾತಿನ ಮೇಲೆ ಹಿಂದಕ್ಕೆ ಪಡೆದರು. ಆರರ ಹಣ ಹೋಯಿತು. ಈಗ ಅವರು ಯಾವ ಏಜೆಂಟರು ಬಂದರೂ, ಹಾಕದೆ ಬಿಟ್ಟ ಮರಗಳ ಲೆಕ್ಕ ಎಲ್ಲಿದೆ ತೋರಿಸಿ ಎನ್ನುತ್ತಾರೆ. ಒಬ್ಬಿಬ್ಬರು ಚಹಾ ಕುಡಿಯದೆಯೇ ಎದ್ದು ಹೋದದ್ದುಂಟಂತೆ.

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸಂಘದ ವತಿಯಿಂದ ಪತ್ರ ಬರೆಯುತ್ತಿದ್ದೇವೆ. ಅನುಮತಿ ಬಂದೊಡನೆ, ಮಳೆ ಹಿಡಿಯುವ ಮುನ್ನ, ಮೊದಲ ತಂಡದಲ್ಲಿ ಆರು ಸದಸ್ಯರನ್ನು ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗುವ ವಿಚಾರವಿದೆ. ಪ್ರತಿ ಗ್ರಾಮದಿಂದ ಒಬ್ಬರು, ಊರಿಗೆ ಮರಳಿ ನಾಲ್ಕು ಮಂದಿಗೆ ಹೇಳಿಕೊಡುವಂಥವರು ಬರಬೇಕೆಂದು ಅಪೇಕ್ಷೆ. ಹೆಂಗಸರೂ ಬರಬೇಕು, ತೋಟದ ಲೆಕ್ಕ ಬರೆಯುವವರು ಎಷ್ಟೋ ಮನೆಗಳಲ್ಲಿ ಅವರೇ. ಕಾಲೇಜಿನಲ್ಲಿ ಓದುವ ಮಕ್ಕಳಿದ್ದರೆ ಜೊತೆಗೆ ಕರೆತರಬಹುದು. ಹೆಸರು ಕೊಡುವವರು ತಮ್ಮ ಪ್ರಶ್ನೆಯೊಂದನ್ನು ಚೀಟಿಯಲ್ಲಿ ಬರೆದು ಕಚೇರಿಯ ಪೆಟ್ಟಿಗೆಯಲ್ಲಿ ಹಾಕತಕ್ಕದ್ದು. ಬಸ್ಸಿನ ಖರ್ಚು ಸಂಘದ್ದು, ಊಟ ಅವರವರದು. ಓದುವ ಕನ್ನಡಕವನ್ನು ಮರೆಯದೆ ತನ್ನಿರಿ.